ಕೆಂಚಿಯ ಹಾಲುಹಲ್ಲು ಮತ್ತು ಎಲುಬಿನ ಪ್ರಶ್ನೆ

ಏಪ್ರಿಲ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಅಡುಗೆಮನೆ ಗುಡಿಸುತ್ತಿದ್ದಾಗ ಶಹಾಬಾದ ಕಲ್ಲಿನ ನೆಲದ ಸಂದಿಯಲ್ಲಿ ಅಕ್ಕಿಕಾಳಿನಂಥದೊಂದು ಬಿಳಿಯ ಚೂರು ಕಣ್ಣಿಗೆ ಬಿತ್ತು. ಅಕ್ಕಿಯೇ ಇರಬೇಕೆಂದು ಕಸದ ಜೊತೆ ತಳ್ಳುವುದರಲ್ಲಿದ್ದೆ. ಅದರ ಒಂದು ತುದಿಗೆ ಕೆಂಪಗೆ ಏನೋ ಅಂಟಿದ್ದುದನ್ನು ಕಂಡು ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಅದು ನಮ್ಮ ನಾಯಿಮರಿ ಕೆಂಚಿಯ ಮುಂದಿನ ಹಲ್ಲು. ಒಳಗೆ ಟೊಳ್ಳು, ಬೇರು ಕರಗಿಹೋಗಿ ತೆಳುವಾದ ಅಂಚು ಮಾತ್ರ ಉಳಿದಿತ್ತು. ಹತ್ತು ವರ್ಷದ ಮಗಳು ಅದನ್ನು ಸಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯಬೇಕೆಂದು ಹಟ ಹಿಡಿದಳು. ಅವಳ ಹಲ್ಲು ಬಿದ್ದಾಗಲೆಲ್ಲ ನಮ್ಮ ಅತ್ತೆಯವರು ಹಾಗೆಯೇ ಮಾಡಿಸಿದ್ದರು. ನಾನು ಮಾತ್ರ ಆ ಹಲ್ಲನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಇಷ್ಟು ತೆಳುವಾದ ಹಲ್ಲಿನ ಬಾಯಿಗೆ ಮಾರ್ಚ್ ತಿಂಗಳಲ್ಲಿ ನಾವು ಏನೇನು ಕೊಟ್ಟೆವೆಂಬುದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಊರಿನಲ್ಲಿ ಮರಿ ಸಾಕುವ ಬೇರೆಯವರಿಗೆ ಆ ಸಂಕಟ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಂಚಿ ನಮ್ಮ ಮನೆಗೆ ಬಂದದ್ದು ಜನವರಿ ಕೊನೆಯಲ್ಲಿ. ತೊಗರಿ ರಾಶಿ ಮುಗಿದು, ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯ ಖಾಲಿ ಜಾಗದಲ್ಲಿ ಯಾರೋ ತೊಗರಿ ಕಟ್ಟಿಗೆಯ ದೊಡ್ಡ ಬಣವೆ ಒಟ್ಟಿದ್ದರು. ಅದರ ಬುಡದಲ್ಲಿ ಒಂದು ಬೀದಿನಾಯಿ ಮರಿ ಹಾಕಿತ್ತು. ತಾಯಿ ವಾಹನಕ್ಕೆ ಸಿಕ್ಕು ಸತ್ತ ಮೇಲೆ ಉಳಿದ ಒಂದೇ ಮರಿಯನ್ನು ಮಗಳು ಎತ್ತಿಕೊಂಡು ಬಂದಳು. ಆಗ ಅದಕ್ಕೆ ಏಳು ವಾರದ ಆಸುಪಾಸು ಎಂದು ಪಶುವೈದ್ಯರು ಹಲ್ಲು ನೋಡಿಯೇ ಹೇಳಿದರು. ನಾಯಿಮರಿಗೆ ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗಿ, ಎರಡು ತಿಂಗಳು ತುಂಬುವ ಹೊತ್ತಿಗೆ ಬಾಯಿಯಲ್ಲಿ 28 ಹಲ್ಲುಗಳಿರುತ್ತವೆ. ನಾಲ್ಕನೆಯ ತಿಂಗಳ ಸುಮಾರಿಗೆ ಅವು ಒಂದೊಂದಾಗಿ ಬೀಳುತ್ತವೆ. ಆರು ಏಳು ತಿಂಗಳಾಗುವಷ್ಟರಲ್ಲಿ 42 ಕಾಯಂ ಹಲ್ಲುಗಳು ಬಂದು ಕೂರುತ್ತವೆ. ಈ ಮೂರು ತಿಂಗಳು ಮರಿಯ ವಸಡು ಊದಿ, ತುರಿಸಿ, ನೋಯುತ್ತಿರುತ್ತದೆ. ಚಪ್ಪಲಿ, ಮಂಚದ ಕಾಲು, ಸೀರೆಯ ಸೆರಗು, ಮಗಳ ಕೈಬೆರಳು, ಸಿಕ್ಕಿದ್ದನ್ನೆಲ್ಲ ಕೆಂಚಿ ಕಡಿಯುತ್ತಿದ್ದುದು ಆ ನೋವಿಗೆ. ಹಸುಗೂಸು ಬೆರಳು ಚೀಪಿದರೆ ಬಯ್ಯದ ನಾವು ಮರಿ ಚಪ್ಪಲಿ ಕಡಿದರೆ ಕೋಲು ಹಿಡಿಯುವುದು ನ್ಯಾಯವಲ್ಲ. ಕಡಿಯಲು ಅದಕ್ಕೆ ಏನಾದರೊಂದು ಬೇಕೇ ಬೇಕು. ಆ ವಸ್ತು ಯಾವುದು ಎಂಬುದಷ್ಟೇ ನಮ್ಮ ಕೈಯಲ್ಲಿರುವ ವಿಷಯ.

ನಾಯಿಗೆ ಎಲುಬು ಹಾಕುವುದೆಂದರೆ ನಮ್ಮ ಕಡೆ ಅದೊಂದು ಪ್ರಶ್ನೆಯೇ ಅಲ್ಲ. ನನ್ನ ತವರು ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಅಲ್ಲಿ ಮುತ್ಯಾ ಊಟ ಮಾಡಿ ಎದ್ದ ಮೇಲೆ ತಾಟಿನಲ್ಲಿ ಉಳಿದ ಎಲುಬನ್ನು ಅಂಗಳಕ್ಕೆ ಎಸೆಯುತ್ತಿದ್ದರು, ನಾಯಿ ಹಿಡಿದುಕೊಂಡು ಓಡುತ್ತಿತ್ತು. ಎಷ್ಟು ನಾಯಿಗಳು ಗಂಟಲಲ್ಲಿ ಸಿಕ್ಕಿಸಿಕೊಂಡು ಹೊಲದ ಬದುವಿನಲ್ಲಿ ಸತ್ತವೆಂದು ಲೆಕ್ಕ ಇಟ್ಟವರಿಲ್ಲ. ಬದುಕಿದವು ಮಾತ್ರ ನಮ್ಮ ಕಣ್ಣಿಗೆ ಬಿದ್ದವು, ಆದ್ದರಿಂದ ಎಲುಬು ನಾಯಿಗೆ ಒಳ್ಳೆಯದೆಂಬ ನಂಬಿಕೆ ಉಳಿದುಕೊಂಡು ಬಂತು. ನಾನೂ ಅದೇ ನಂಬಿಕೆಯಲ್ಲಿ ಬೆಳೆದವಳು.

ಮಾರ್ಚ್ ತಿಂಗಳ ಒಂದು ರವಿವಾರ ಮಟನ್ ಸಾರು ಮಾಡಿದ್ದೆವು. ಊಟವಾದ ಮೇಲೆ ಮಸಾಲೆ ಹೋಗಲೆಂದು ಎರಡು ಪಕ್ಕೆಲುಬಿನ ತುಂಡುಗಳನ್ನು ನೀರಿನಲ್ಲಿ ತೊಳೆದು ಕೆಂಚಿಗೆ ಹಾಕಿದೆ. ತೊಳೆದು ಹಾಕಿದ್ದೇ ನನ್ನ ಮಟ್ಟಿಗೆ ದೊಡ್ಡ ಮುಂಜಾಗ್ರತೆಯಾಗಿತ್ತು. ಹತ್ತು ನಿಮಿಷ ಕಳೆದಿರಲಿಕ್ಕಿಲ್ಲ, ಅದು ಮುಂಗಾಲುಗಳೆರಡರಿಂದಲೂ ಮೂತಿಯನ್ನು ಉಜ್ಜಿಕೊಳ್ಳುತ್ತ, ತಲೆಯನ್ನು ನೆಲಕ್ಕೆ ತಿಕ್ಕುತ್ತ ಹಿಂದೆ ಹಿಂದೆ ಸರಿಯತೊಡಗಿತು. ಬಾಯಿ ಅರ್ಧ ತೆರೆದಿತ್ತು, ಮುಚ್ಚಲು ಆಗುತ್ತಿರಲಿಲ್ಲ. ಜೊಲ್ಲು ನೂಲಿನಂತೆ ಇಳಿದು ನೆಲಕ್ಕೆ ತಾಗುತ್ತಿತ್ತು. ಪಕ್ಕದ ಮನೆಯ ಕಾಕಾ ಬಂದವರು, "ಅನ್ನದ ಉಂಡಿ ಮಾಡಿ ನುಂಗಿಸ್ರಿ, ಎಲುಬು ತಾನಾ ಕೆಳಗ ಇಳೀತದ" ಎಂದರು. ನಮಗೆ ಮೀನಿನ ಮುಳ್ಳು ಸಿಕ್ಕರೆ ಹಿರಿಯರು ಅದನ್ನೇ ಹೇಳುತ್ತಿದ್ದರು, ಅವರ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಬಾಯಿಯೇ ಮುಚ್ಚಲಾರದ ಮರಿಗೆ ಉಂಡೆ ನುಂಗಿಸುವುದು ನನಗೆ ಧೈರ್ಯಕ್ಕೆ ಬರಲಿಲ್ಲ. ರವಿವಾರವಾದ್ದರಿಂದ ನಾಲ್ಕು ಕಡೆ ಫೋನ್ ಮಾಡಿ, ಕಡೆಗೊಬ್ಬ ಪಶುವೈದ್ಯರು ಬರಹೇಳಿದ ಮೇಲೆ ಆಟೋದಲ್ಲಿ ಮರಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೋದೆ.

ವೈದ್ಯರು ಬಾಯಿ ಅಗಲಿಸಿ ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಒಂದು ಅಂಗುಲಕ್ಕೂ ಕಡಿಮೆ ಉದ್ದದ ಪಕ್ಕೆಲುಬಿನ ಚೂರು ಅಂಗುಳಿಗೆ ಅಡ್ಡಲಾಗಿ, ಮೇಲಿನ ಎಡ ಬಲ ದವಡೆ ಹಲ್ಲುಗಳ ನಡುವೆ ತೊಲೆಯಂತೆ ಕೂತಿತ್ತು. ಮರಿ ನಾಲಿಗೆಯಿಂದ ನೂಕಿದಷ್ಟೂ ಅದು ಇನ್ನಷ್ಟು ಬಿಗಿಯುತ್ತಿತ್ತು. ಚಿಮಟದಿಂದ ಹಿಡಿದು ಒಂದು ಬದಿಗೆ ಓರೆ ಮಾಡಿ ಎಳೆದಾಗ ಟಕ್ ಎಂದು ಸದ್ದಾಗಿ ಹೊರಬಂತು. ಅಂಗುಳಿನ ಮೇಲೆ ಗೆರೆ ಎಳೆದಂತೆ ಕೆಂಪು ಗಾಯ. ಎಲುಬಿನ ಒಂದು ತುದಿ ಮಟನ್ ಅಂಗಡಿಯ ಕತ್ತಿಯ ಏಟಿಗೆ ನೇರವಾಗಿ ಕತ್ತರಿಸಿತ್ತು, ಇನ್ನೊಂದು ತುದಿ ಕೆಂಚಿಯ ಹಲ್ಲಿನಿಂದ ಸೀಳಿ ಸೂಜಿಯಂತಾಗಿತ್ತು. "ಇದು ಬಾಯಾಗ ಸಿಕ್ಕಿದ್ದು ನಿಮ್ಮ ಪುಣ್ಯ ಅಂತ ತಿಳ್ಕೋರಿ. ಇದೇ ತುಂಡು ಒಳಗ ಹೋಗಿದ್ರ ಚಿಮಟ ಸಾಲ್ತಿರಲಿಲ್ಲ" ಎಂದು ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಅಂದು ರಾತ್ರಿ ಬೀದರಿಗೆ ಫೋನ್ ಮಾಡಿದೆ. ನನ್ನ ತಂಗಿಯ ಮಗ ಅಲ್ಲಿನ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದುತ್ತಿದ್ದಾನೆ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೇ ಬೀದರಿನ ನಂದಿನಗರದಲ್ಲಿದೆ. ನಮ್ಮ ಭಾಗದವರಿಗೆ ಈ ವಿದ್ಯೆ ಇಷ್ಟು ಹತ್ತಿರದಲ್ಲಿದ್ದೂ ನಾವು ಅದನ್ನು ಎಮ್ಮೆ ಆಕಳಿಗೆ ಮಾತ್ರ ಸಂಬಂಧಿಸಿದ್ದೆಂದು ದೂರ ಇಟ್ಟಿದ್ದೇವೆ. ಆ ಹುಡುಗ ಅಂದಿನಿಂದ ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಾನೆ.

ಬೇಯಿಸಿದ ಎಲುಬು ಯಾಕೆ ಸೀಳುತ್ತದೆಂಬುದನ್ನು ಅವನಿಂದಲೇ ತಿಳಿದೆ. ಎಲುಬಿನಲ್ಲಿ ಸುಣ್ಣದಂಥ ಗಟ್ಟಿ ಖನಿಜದ ಜೊತೆಗೆ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಇರುತ್ತದೆ. ಹಸಿ ಎಲುಬು ಸ್ವಲ್ಪ ಬಾಗುವುದು, ಜಜ್ಜಿದರೆ ನುಗ್ಗಾಗುವುದು ಆ ನಾರು ಮತ್ತು ಒಳಗಿನ ತೇವದಿಂದ. ಬೆಂಕಿಯ ಕಾವಿಗೆ ಆ ನಾರು ಕರಗಿ ಸಾರಿಗೆ ಇಳಿಯುತ್ತದೆ, ತೇವ ಆರುತ್ತದೆ. ಉಳಿಯುವುದು ಮಡಕೆಯ ಬೋಕಿಯಂತೆ ಸಿಡಿಯುವ ಖನಿಜದ ಭಾಗ. ಪಾಯಾ ಕುದಿಸಿದ ಮರುದಿನ ಸಾರು ಅಂಟಂಟಾಗಿ ಗಟ್ಟಿಯಾಗುವುದನ್ನು ಕಂಡವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ: ಎಲುಬಿನಿಂದ ಹೊರಟದ್ದೆಲ್ಲ ಆ ಅಂಟಿನಲ್ಲಿದೆ. ಕೋಳಿಯ ಕಾಲು ರೆಕ್ಕೆಗಳ ಎಲುಬು ತೆಳ್ಳಗೆ ಟೊಳ್ಳಾಗಿರುವುದರಿಂದ ಬೆಂದ ಮೇಲೆ ಇನ್ನೂ ಅಪಾಯಕಾರಿ. ಕುಕ್ಕರಿನಲ್ಲಿ ಹತ್ತು ಸೀಟಿ ಹೊಡೆಸಿದರೆ ಎಲುಬು ಮೆತ್ತಗಾಗುತ್ತದೆ, ಆಗ ಹಾಕಬಹುದು ಎಂದು ಹಲವರು ನನಗೆ ಹೇಳಿದ್ದಾರೆ. ನಾನೇ ಮಾಡಿ ನೋಡಿದೆ. ಕೋಳಿ ಎಲುಬಿನ ತುದಿಯ ಗಂಟುಗಳು ಬೆರಳಲ್ಲಿ ಹಿಸುಕಿದರೆ ಪುಡಿಯಾದವು, ನಡುವಿನ ಕಡ್ಡಿ ಮಾತ್ರ ಮುರಿದಾಗ ಓರೆಯಾಗಿ ಚೂಪಾಗಿಯೇ ಮುರಿಯಿತು. ಯಾವುದು ಮೆತ್ತಗಾಗಿದೆ ಯಾವುದು ಆಗಿಲ್ಲ ಎಂದು ಪ್ರತಿ ತುಂಡನ್ನೂ ಹಿಸುಕಿ ನೋಡಿ ಹಾಕುವವರು ಯಾರಿದ್ದಾರೆ?

ಇನ್ನೊಂದು ಸಂಗತಿ ನಮ್ಮ ಅಡುಗೆಗೇ ಸೇರಿದ್ದು. ಈರುಳ್ಳಿ ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ ನಾಯಿಯ ರಕ್ತದ ಕೆಂಪುಕಣಗಳನ್ನು ಹಾಳು ಮಾಡುತ್ತವೆ. ಸಾರಿನಲ್ಲಿ ಕುದ್ದ ಎಲುಬಿನ ತೂತುಗಳಲ್ಲೆಲ್ಲ ಆ ರಸ ಸೇರಿರುತ್ತದೆ. ನಾನು ನಲ್ಲಿಯ ಕೆಳಗೆ ಹಿಡಿದು ತೊಳೆದದ್ದು ಮೇಲಿನ ಖಾರವನ್ನಷ್ಟೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ನಾಯಿಗಳಿಗೆ ಎಲುಬು ಹಾಕಬೇಡಿರೆಂದು 2010ರಲ್ಲಿಯೇ ಜನರಿಗೆ ತಿಳಿಸಿತ್ತು. 2017ರಲ್ಲಿ ಅಂಗಡಿಗಳಲ್ಲಿ ಒಣಗಿಸಿ ಹೊಗೆಯಾಡಿಸಿ ಮಾರುವ ಎಲುಬಿನ ತಿನಿಸುಗಳ ಬಗೆಗೂ ಎಚ್ಚರಿಸಿತು. ಪೊಟ್ಟಣದಲ್ಲಿ ಬಂದ ಮಾತ್ರಕ್ಕೆ ಬೆಂದ ಎಲುಬು ಬೇರೆ ಜಾತಿಯದಾಗುವುದಿಲ್ಲ.

ಹಾಗಾದರೆ ಹಸಿ ಎಲುಬು? ಇಲ್ಲಿ ವೈದ್ಯರಲ್ಲಿಯೇ ಎರಡು ಮಾತಿದೆ. ಹಸಿಯದು ಅಷ್ಟು ಸುಲಭವಾಗಿ ಸೀಳುವುದಿಲ್ಲ ಎನ್ನುವುದು ನಿಜ. ಆದರೆ ಸಾಲ್ಮೊನೆಲ್ಲಾ, ಇ. ಕೋಲೈ ಮುಂತಾದ ರೋಗಾಣುಗಳು ಹಸಿ ಮಾಂಸದ ಜೊತೆಗೇ ಬರುತ್ತವೆ, ಮರಿ ಅದನ್ನು ನೆಲದ ಮೇಲೆಲ್ಲ ಎಳೆದಾಡಿ, ಅದೇ ಬಾಯಿಂದ ಮಕ್ಕಳ ಕೈ ನೆಕ್ಕುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಬೀಳುವ ಕಲಬುರಗಿಯಲ್ಲಿ ಬೆಳಿಗ್ಗೆ ಕಡಿದ ಮಾಂಸ ಮಧ್ಯಾಹ್ನದವರೆಗೆ ಗಾಳಿಯಲ್ಲಿ ತೂಗಾಡಿರುತ್ತದೆ. ಮನೆಗೆ ತಂದು ಫ್ರಿಜ್‌ನಲ್ಲಿಟ್ಟರೆ ಕರೆಂಟ್ ಎಷ್ಟು ಹೊತ್ತು ಇರುತ್ತದೆಂಬ ಭರವಸೆಯಿಲ್ಲ. ತಂಪು ದೇಶದವರು ಬರೆದ ಹಸಿ ಎಲುಬಿನ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಲು ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ, ಇದನ್ನು ಕುರಿ ಮೇಕೆ ಸಾಕುವ ನಮ್ಮ ಭಾಗದವರೆಲ್ಲ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾಯಿಗೆಂದು ಕೇಳಿದರೆ ಮಟನ್ ಅಂಗಡಿಯವರು ಎಲುಬಿನ ಜೊತೆಗೆ ಮಾರಾಟವಾಗದ ಕಲೇಜಿಯ (ಪಿತ್ತಜನಕಾಂಗದ) ತುಂಡು, ಶ್ವಾಸಕೋಶದ ಚೂರು, ಕರುಳು ಎಲ್ಲವನ್ನೂ ಪ್ರೀತಿಯಿಂದ ಕಟ್ಟಿಕೊಡುತ್ತಾರೆ. ಕುರಿ ಮೇಕೆಗಳ ಕಲೇಜಿ ಮತ್ತು ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳಿರುತ್ತವೆ. ಅವು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲಗಳು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಹೊರಬಿದ್ದು, ನಾಯಿಯ ಮೈಕೂದಲಿಗೆ ಅಂಟಿ, ಮುದ್ದಾಡುವ ಮಗುವಿನ ಕೈಯಿಂದ ಬಾಯಿಗೆ ಸೇರಬಹುದು. ಮನುಷ್ಯರ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಾಯಿ ಮಾತ್ರ ಮೇಲುನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಆದ್ದರಿಂದ ಆ ಕಟ್ಟನ್ನು ನಾನು ಈಗ ಬೇಡವೆನ್ನುತ್ತೇನೆ. ನಮ್ಮ ಖಾಯಂ ಅಂಗಡಿಯ ಅಣ್ಣ, "ಎಲುಬು ಬಿಟ್ಟು ನಾಯಿಗಿ ಮತ್ತೇನು ಹಾಕ್ತೀರಿ ಅಕ್ಕಾ?" ಎಂದು ಅಚ್ಚರಿಯಿಂದ ಕೇಳಿದರು. ಎಲುಬಿಲ್ಲದ ಮಾಂಸದ ಚೂರನ್ನು ಕುದಿಸಿ ಹಾಕುತ್ತೇನೆಂದು ಹೇಳಿ, ಗುಳ್ಳೆಯ ವಿಷಯವನ್ನೂ ವಿವರಿಸಿದೆ. ಅಂಥ ಗುಳ್ಳೆಗಳನ್ನು ಅವರು ಎಷ್ಟೋ ಸಲ ಕಂಡಿದ್ದರು, ಕತ್ತರಿಸಿ ಅಂಗಡಿಯ ಮುಂದಿನ ನಾಯಿಗಳಿಗೇ ಎಸೆಯುತ್ತಿದ್ದರು. ಈಗ ಒಂದು ಡಬ್ಬಿಯಲ್ಲಿ ಬೇರೆ ಹಾಕಿ ಹೂಳಿಸುತ್ತಿದ್ದಾರೆ.

ಎಲುಬಿನಲ್ಲಿ ಕ್ಯಾಲ್ಸಿಯಂ ಇದೆ, ಮರಿಗೆ ಬಲ ಬರುತ್ತದೆ ಎಂಬ ಮಾತಿಗೂ ಉತ್ತರ ಹೇಳಬೇಕು. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳಲ್ಲಿ ಅದು ಅತಿಯಾದರೆ ಕಾಲಿನ ಎಲುಬು ಕೀಲುಗಳೇ ಸೊಟ್ಟಗೆ ಬೆಳೆಯುತ್ತವೆ. ಎಲುಬು ಹೆಚ್ಚು ತಿಂದ ನಾಯಿಗೆ ಮಲ ಸುಣ್ಣದ ಉಂಡೆಯಂತೆ ಬಿಳಿಚಿ ಗಟ್ಟಿಯಾಗಿ, ಕುಳಿತು ತಿಣುಕಿ ನರಳುವುದನ್ನು ಹಳ್ಳಿಯಲ್ಲಿ ನಾನೇ ನೋಡಿದ್ದೇನೆ.

ಇನ್ನು ನಳ್ಳಿ ಎಲುಬು (ಮಜ್ಜೆ ತುಂಬಿದ ಕಾಲೆಲುಬು), ಕೊಂಬು, ಗೊರಸುಗಳ ವಿಷಯ. ಇವು ಸೀಳುವುದಕ್ಕಿಂತ ಹೆಚ್ಚಾಗಿ ಹಲ್ಲನ್ನೇ ಮುರಿಯುತ್ತವೆ. ನಾಯಿಯ ಹಲ್ಲೆಂದರೆ ವಜ್ರವೆಂದು ನಾವು ತಿಳಿದಿದ್ದೇವೆ. ಆದರೆ ಹಲ್ಲಿನ ಹೊರಪದರ ನಮಗೆ ಎರಡೂವರೆ ಮಿಲಿಮೀಟರ್ ತನಕ ದಪ್ಪವಿದ್ದರೆ ನಾಯಿಗೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಮೇಲಿನ ದವಡೆಯ ದೊಡ್ಡ ಕತ್ತರಿಹಲ್ಲು ಗಟ್ಟಿ ಎಲುಬಿನ ಮೇಲೆ ಬಿದ್ದಾಗ ಕಲ್ಲಿನ ಚಪ್ಪಡಿ ಎದ್ದಂತೆ ಪಕ್ಕದಿಂದ ಸೀಳಿ ಬರುತ್ತದೆ, ಒಳಗಿನ ನರ ಬಯಲಾಗಿ ಕೀವು ತುಂಬಿ ಕಣ್ಣಿನ ಕೆಳಗೆ ಬಾವು ಬರುತ್ತದೆ. ಮರಿಯ ಹಾಲುಹಲ್ಲಂತೂ ಇನ್ನೂ ಸೂಕ್ಷ್ಮ. ಯಾವುದು ಗಟ್ಟಿ ಯಾವುದು ಅಲ್ಲ ಎಂದು ತಿಳಿಯುವ ಉಪಾಯವನ್ನು ತಂಗಿಯ ಮಗ ಒಂದೇ ಮಾತಿನಲ್ಲಿ ಹೇಳಿಕೊಟ್ಟ: "ದೊಡ್ಡವ್ವ, ಮೊದಲ ಹೆಬ್ಬೆರಳಿನ ಉಗುರು ಊರಿ ನೋಡು. ಉಗುರಿನ ಗುರುತು ಬೀಳಲಿಲ್ಲಂದ್ರ ಅದು ಆಕಿ ಹಲ್ಲಿಗಿ ಬ್ಯಾಡ." ಅಂದಿನಿಂದ ಅಂಗಡಿಯಲ್ಲಿ ನಾನು ಬೆಲೆ ಕೇಳುವ ಮೊದಲು ಉಗುರು ಊರುತ್ತೇನೆ. ಕೊಂಬು, ಗೊರಸು, ಗಟ್ಟಿ ನೈಲಾನ್ ಎಲುಬು, ಒಂದೂ ಆ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಜಿಂಕೆಯ ಕೊಂಬು ನಾಯಿಗೆ ಒಳ್ಳೆಯದೆಂದು ಹೊರದೇಶದವರ ವಿಡಿಯೋ ನೋಡಿ ಹುಡುಕುವವರೂ ಇದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕೆ ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರವೇ ಅಪರಾಧ, ಹಲ್ಲಿನ ಮಾತು ಆಮೇಲಿನದು.

ಪೇಟೆಯ ಅಂಗಡಿಗಳಲ್ಲಿ ನಾಯಿಮರಿಗೆಂದು ಎಲ್ಲಕ್ಕಿಂತ ಮೊದಲು ತೋರಿಸುವುದು ಎರಡು ತುದಿಗೆ ಗಂಟು ಹಾಕಿದ, ಎಲುಬಿನ ಆಕಾರದ ತೊಗಲಿನ ಚ್ಯೂ, ಅಂದರೆ ನಾಯಿ ಅಗಿಯುವ ತಿನಿಸು. ನಾನೂ ಮೂರು ತಂದಿದ್ದೆ. ಅದು ಎಲುಬಲ್ಲ; ದನದ ಚರ್ಮದಿಂದ ಚಪ್ಪಲಿಗೆ ಬೇಕಾದ ಮೇಲುಪದರ ತೆಗೆದ ಮೇಲೆ ಉಳಿಯುವ ಒಳಪದರವನ್ನು ಸುಣ್ಣ ಮುಂತಾದ ರಾಸಾಯನಿಕಗಳಲ್ಲಿ ನೆನೆಸಿ, ಕೂದಲು ತೆಗೆದು, ಬಿಳುಪು ಮಾಡಿ, ಸುತ್ತಿ ಒಣಗಿಸಿದ್ದು. ಹಲ್ಲಿಗೆ ತಾಗಿದಾಗ ನೆಂದು ಮೆತ್ತಗಾಗುವುದರಿಂದ ಒಳ್ಳೆಯದೆಂದೇ ತೋರುತ್ತದೆ. ಪಕ್ಕೆಲುಬಿನ ಘಟನೆಯಾದ ಮೇಲೆ ಅನುಮಾನ ಬಂದು, ಉಳಿದಿದ್ದ ಒಂದರಿಂದ ಬೆರಳಿನ ಗೆಣ್ಣಿನಷ್ಟು ತುಂಡು ಕತ್ತರಿಸಿ ರಾತ್ರಿ ಒಂದು ಲೋಟ ನೀರಿನಲ್ಲಿ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಅದು ದುಪ್ಪಟ್ಟಾಗಿ ಉಬ್ಬಿ, ಲೋಳೆಲೋಳೆಯಾಗಿ, ಬೆರಳಿನಿಂದ ಎಳೆದರೆ ರಬ್ಬರಿನಂತೆ ಜಗ್ಗುತ್ತಿತ್ತೇ ಹೊರತು ಹರಿಯಲಿಲ್ಲ. ನೀರಿಗೆ ಮಬ್ಬು ಬಣ್ಣ, ಹಸಿ ತೊಗಲಿನ ವಾಸನೆ. ಮರಿ ಅದರ ತುದಿಯನ್ನು ನೆನೆಸಿ ನೆನೆಸಿ ಬಿಡಿಸಿಕೊಂಡು ಅಗಿಯದೆ ನುಂಗಿದಾಗ ಹೊಟ್ಟೆಯಲ್ಲಿ ಆಗುವುದೂ ಇದೇ: ಬೇಗ ಕರಗದೆ ಉಬ್ಬಿ, ಗಂಟಲಿಗೋ ಕರುಳಿಗೋ ಬಿರಡೆಯಂತೆ ಕೂರಬಹುದು. ಆ ಲೋಟದಲ್ಲಿದ್ದುದನ್ನು ಮನೆಮಂದಿಗೆಲ್ಲ ತೋರಿಸಿ, ಉಳಿದದ್ದನ್ನೂ ಎಸೆದೆ.

ಗಾತ್ರದ ವಿಷಯದಲ್ಲಿ ನಿಯಮ ಸರಳ. ಪೂರ್ತಿಯಾಗಿ ಬಾಯೊಳಗೆ ಹೋಗುವ ಯಾವುದನ್ನೂ ಕೊಡಬಾರದು. ಮೂತಿಗಿಂತ ಉದ್ದವಿರಬೇಕು, ಚೆಂಡಾದರೆ ಹಿಂದಿನ ಹಲ್ಲುಗಳ ನಡುವೆ ಹಿಡಿಸದಷ್ಟು ದೊಡ್ಡದಿರಬೇಕು. ಮರಿ ದಿನದಿನಕ್ಕೂ ಬೆಳೆಯುವುದರಿಂದ ಫೆಬ್ರವರಿಯಲ್ಲಿ ದೊಡ್ಡದೆನಿಸಿದ ಆಟಿಕೆ ಏಪ್ರಿಲ್‌ನಲ್ಲಿ ಗಂಟಲಿಗೆ ಇಳಿಯುವಂತಾಗಿರುತ್ತದೆ ಎಂಬುದನ್ನು ಮರೆಯಬಾರದು.

ಈ ಗಾತ್ರದ ಮಾತು ಬಂದಾಗ ನಮ್ಮ ಮನೆಗಳಲ್ಲಿ ನಾವು ಆಟಿಕೆಯೆಂದು ಎಣಿಸದೆ ನೆಲಕ್ಕೆ ಹಾಕುವ ವಸ್ತುಗಳೇ ನನಗೆ ಹೆಚ್ಚು ನೆನಪಾಗುತ್ತವೆ. ಮೇ ತಿಂಗಳು ಮಾವಿನದು. ತಿಂದು ಬಿಟ್ಟ ವಾಟೆಯಲ್ಲಿ ರಸ ಅಂಟಿರುತ್ತದೆ, ಜಾರುತ್ತದೆ, ಮರಿ ಒಂದೇ ಸಲಕ್ಕೆ ನುಂಗುತ್ತದೆ, ಅದು ಕರುಳಿನಲ್ಲಿ ಕೂತರೆ ಹೊಟ್ಟೆ ಕೊಯ್ಯದೆ ಹೊರಬರುವುದಿಲ್ಲ. ಮಳೆಗಾಲದಲ್ಲಿ ಸುಟ್ಟು ತಿಂದ ಗೋವಿನಜೋಳದ ತೆನೆಯ ದಿಂಡೂ ಅಷ್ಟೇ: ಕರಗುವುದಿಲ್ಲ, ತುಂಡಾಗಿ ಒಳಗೆ ಹೋಗಿ ಅಡ್ಡ ನಿಲ್ಲುತ್ತದೆ. ಕೆಂಚಿ ಹುಟ್ಟಿದ ಬಣವೆಯ ತೊಗರಿ ಕಟ್ಟಿಗೆಯನ್ನು ಅದು ಬಹಳ ಪ್ರೀತಿಯಿಂದ ಕಚ್ಚಿಕೊಂಡು ಬರುತ್ತಿತ್ತು, ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಒಣಗಿದ ತೊಗರಿ ಕಟ್ಟಿಗೆ ಉದ್ದುದ್ದಕ್ಕೆ ಸಿಬಿರೆದ್ದು ಅಂಗುಳಿಗೆ, ನಾಲಿಗೆಯ ಕೆಳಗೆ ನೆಡುತ್ತದೆ. ಬಾಯಲ್ಲಿ ಕೋಲು ಹಿಡಿದು ಓಡುವ ನಾಯಿ ಎಡವಿದರೆ ಅದು ಗಂಟಲನ್ನೇ ಚುಚ್ಚಬಹುದು. ಹಳೆಯ ಚಪ್ಪಲಿ ಆಡಲು ಕೊಡುವುದು ಎರಡು ರೀತಿಯಲ್ಲಿ ತಪ್ಪು. ರಬ್ಬರ್ ಚೂರು ಹೊಟ್ಟೆಗೆ ಹೋಗುತ್ತದೆ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮರಿಗೆ ನಾವೇ ಚಪ್ಪಲಿ ಕಡಿಯಲು ಕಲಿಸಿದಂತೆಯೂ ಆಗುತ್ತದೆ.

ಈಗ ನಾವು ಏನು ಕೊಡುತ್ತೇವೆಂಬುದನ್ನು ಹೇಳುತ್ತೇನೆ. ಹೆಚ್ಚಿನದೇನೂ ಖರ್ಚಿಲ್ಲ. ಮಾವನವರ ಹಳೆಯ ಧೋತರದಿಂದ ಒಂದು ಮೊಳ ಅಗಲದ ಬಟ್ಟೆ ಹರಿದು, ನೀರಿನಲ್ಲಿ ಅದ್ದಿ ಹಿಂಡಿ, ಹಗ್ಗದಂತೆ ಹೊಸೆದು ನಡುವೆ ಒಂದು ಗಂಟು ಹಾಕಿ ಫ್ರೀಜರ್‌ನಲ್ಲಿಡುತ್ತೇನೆ. ಮಧ್ಯಾಹ್ನದ ಹೊತ್ತು, ನೆಲವೇ ಕಾಯ್ದಿರುವಾಗ, ಆ ತಣ್ಣನೆಯ ಬಟ್ಟೆಯನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದು ಕೆಂಚಿ ಕಣ್ಣು ಅರೆಮುಚ್ಚಿ ವಸಡಿನಿಂದ ಒತ್ತುತ್ತದೆ. ಹಲ್ಲು ಬಿದ್ದ ಜಾಗದಿಂದ ಒಂದೆರಡು ಹನಿ ರಕ್ತ ಬಟ್ಟೆಗೆ ಅಂಟುತ್ತದೆ, ಗಾಬರಿಯಾಗಬೇಕಿಲ್ಲ. ಅರ್ಧ ಗಂಟೆಯಲ್ಲಿ ಬಟ್ಟೆ ಮೆತ್ತಗಾದ ಕೂಡಲೇ ತೆಗೆದುಬಿಡಬೇಕು. ಎಳೆ ಬಿಟ್ಟ ಬಟ್ಟೆಯನ್ನು ಮತ್ತೆ ಕೊಡಬಾರದು, ಏಕೆಂದರೆ ನುಂಗಿದ ದಾರ ಒಂದು ಕಡೆ ಸಿಕ್ಕಿಕೊಂಡು ಕರುಳನ್ನೆಲ್ಲ ನೆರಿಗೆಯಂತೆ ಎಳೆದು ಕೊಯ್ಯುತ್ತದೆ. ಅಂಗಡಿಯ ನೂಲಿನ ಹಗ್ಗದ ಆಟಿಕೆಗಳಿಗೂ ಇದೇ ಮಾತು.

ಗಜ್ಜರಿ, ಅಂದರೆ ಕ್ಯಾರೆಟ್, ಇನ್ನೊಂದು. ದಪ್ಪನೆಯದನ್ನು ಇಡಿಯಾಗಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕೊಡುತ್ತೇನೆ. ಕಲ್ಲಾಗುವಂತೆ ಹೆಪ್ಪುಗಟ್ಟಿಸುವುದಿಲ್ಲ, ಬಿಲ್ಲೆಯಾಗಿ ಹೆಚ್ಚುವುದೂ ಇಲ್ಲ; ಬಿಲ್ಲೆ ಗಂಟಲಿಗೆ ಮುಚ್ಚಳದಂತೆ ಕೂರುತ್ತದೆ. ಕಡಿದು ಕಡಿದು ಬೆರಳುದ್ದಕ್ಕೆ ಇಳಿದಾಗ ತೆಗೆದುಕೊಂಡು ತುರಿದು ಅದರ ಅನ್ನಕ್ಕೇ ಹಾಕುತ್ತೇನೆ.

ಹಣ ಕೊಟ್ಟು ತಂದದ್ದೆಂದರೆ ಮರಿಗಳಿಗೆಂದೇ ಮಾಡಿದ, ಒಳಗೆ ಟೊಳ್ಳಿರುವ ಮೆತ್ತನೆಯ ರಬ್ಬರ್ ಆಟಿಕೆ ಒಂದು. ಕಾಂಗ್ ಮುಂತಾದ ಹೆಸರುಗಳಲ್ಲಿ ಬರುವ ಇವುಗಳಲ್ಲಿ ಮರಿಗೂ ದೊಡ್ಡ ನಾಯಿಗೂ ಬೇರೆ ಬೇರೆ ರಬ್ಬರ್ ಇರುತ್ತದೆ, ಕೇಳಿ ತರಬೇಕು. ಎರಡು ಬೆರಳಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೊದಲಿನಂತಾಗಬೇಕು. ಅದರ ಹೊಟ್ಟೆಗೆ ಬೆಂದ ಜೋಳದ ನುಚ್ಚು, ಸ್ವಲ್ಪ ಮೊಸರು, ಕುದಿಸಿ ಹಿಸುಕಿದ ಗೆಣಸು ಅಥವಾ ಕುಂಬಳಕಾಯಿ ತುಂಬಿ ಫ್ರೀಜರ್‌ನಲ್ಲಿಟ್ಟರೆ ಮರಿಗೆ ಮುಕ್ಕಾಲು ಗಂಟೆಯ ಕೆಲಸ. ಶೇಂಗಾ ಬೆಣ್ಣೆ ಸವರುವವರು ಡಬ್ಬಿಯ ಮೇಲೆ ಝೈಲಿಟಾಲ್ ಎಂಬ ಸಿಹಿ ಇದೆಯೇ ಎಂದು ಓದಲೇಬೇಕು; ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಹುರಿದ ಶೇಂಗಾ ಉಪ್ಪು ಸಕ್ಕರೆಯಿಲ್ಲದೆ ನುಣ್ಣಗೆ ಅರೆದು ಒಂದು ಚಮಚ ಸವರುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ. ಒಣದ್ರಾಕ್ಷಿ ಮಾತ್ರ ಯಾವ ಕಾರಣಕ್ಕೂ ಬೇಡ, ನಾಯಿಯ ಮೂತ್ರಪಿಂಡಕ್ಕೆ ಅದು ವಿಷ.

ಹಿಮಾಲಯದ ಕಡೆಯ ಚುರ್ಪಿ, ಅಂದರೆ ಹಾಲಿನಿಂದ ಮಾಡಿ ಒಣಗಿಸಿದ ಗಟ್ಟಿ ಗಿಣ್ಣಿನ ಕಡ್ಡಿ, ಈಗ ಎಲ್ಲ ಕಡೆ ಸಿಗುತ್ತದೆ. ವಸ್ತು ಒಳ್ಳೆಯದೇ, ಆದರೆ ಉಗುರು ಊರಿದರೆ ಗುರುತು ಬೀಳುವುದಿಲ್ಲ. ಕಾಯಂ ಹಲ್ಲು ಬರುವ ತನಕ ಅದನ್ನು ಕಪಾಟಿನಲ್ಲೇ ಇಡಬೇಕೆಂದುಕೊಂಡಿದ್ದೇನೆ. ಕಡಕ್ ರೊಟ್ಟಿ ಕೊಡಬಹುದೇ ಎಂದು ಗೆಳತಿಯೊಬ್ಬರು ಕೇಳಿದ್ದರು. ಅದು ಆಹಾರ, ಕಡಿಯುವ ವಸ್ತುವಲ್ಲ. ಒಂದೇ ಕಡಿತಕ್ಕೆ ಚೂರಾಗುತ್ತದೆ, ಚೂರಿನ ಅಂಚು ಹಸಿ ವಸಡಿಗೆ ಚುಚ್ಚುತ್ತದೆ. ನೀರಿನಲ್ಲೋ ಮೊಸರಿನಲ್ಲೋ ನೆನೆಸಿ ಊಟಕ್ಕೆ ಹಾಕಿದರೆ ಸಾಕು.

ಏನೇ ಕೊಟ್ಟರೂ ನಾನು ಪಕ್ಕದಲ್ಲೇ ಕುಳಿತಿರುತ್ತೇನೆ. ಜೋಳ ಹಸನು ಮಾಡುವುದು, ಸೊಪ್ಪು ಬಿಡಿಸುವುದು ಈ ಹೊತ್ತಿಗೇ ಇಟ್ಟುಕೊಂಡಿದ್ದೇನೆ. ಬಾಯಿಂದ ಏನನ್ನಾದರೂ ತೆಗೆಯಬೇಕಾದಾಗ ಕಿತ್ತುಕೊಳ್ಳುವುದಿಲ್ಲ. ಕುದಿಸಿದ ತತ್ತಿಯ ತುಂಡನ್ನು ಮೂಗಿನ ಹತ್ತಿರ ಹಿಡಿದರೆ ಅದು ತಾನಾಗಿ ಬಾಯಿ ಬಿಡುತ್ತದೆ, ಆಗ ಎತ್ತಿಕೊಳ್ಳಬೇಕು. ಕಿತ್ತುಕೊಂಡಷ್ಟೂ ಮರಿ ಗುರುಗುಟ್ಟಲು, ಅವಸರದಲ್ಲಿ ನುಂಗಲು ಕಲಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಹುಡುಗಾಟದ ವಿಷಯವಲ್ಲ. ಹಲ್ಲು ತಾಗಿ ಚರ್ಮ ಗೀಚಿದರೆ, ಸ್ವಂತ ನಾಯಿಯೇ ಆದರೂ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ವೈದ್ಯರನ್ನು ಕೇಳಬೇಕು. ಕ್ಲಿನಿಕ್‌ಗೆ ಹೋದ ದಿನವೇ ಮಗಳಿಗೆ ಇದನ್ನು ಹೇಳಿಕೊಟ್ಟೆ.

ಎಷ್ಟು ನೋಡಿಕೊಂಡರೂ ಒಮ್ಮೊಮ್ಮೆ ಕಣ್ಣು ತಪ್ಪುತ್ತದೆ. ಮರಿ ಮತ್ತೆ ಮತ್ತೆ ವಾಂತಿ ಮಾಡಿದರೆ, ಊಟ ಬಿಟ್ಟರೆ, ಹೊಟ್ಟೆ ಮುಟ್ಟಿದಾಗ ಚೀರಿದರೆ, ಮಲ ನಿಂತರೆ ಅಥವಾ ಕಪ್ಪಗೆ ಇಲ್ಲವೇ ರಕ್ತದೊಂದಿಗೆ ಬಂದರೆ ಬೆಳಗಾಗಲೆಂದು ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ನಮ್ಮಲ್ಲಿದೆ, ಅದು ಉಪ್ಪಿನಿಂದಲೇ ನಾಯಿಯ ಜೀವಕ್ಕೆ ಅಪಾಯ ತರಬಹುದು, ಚೂಪಾದ ಎಲುಬು ಬರುವ ದಾರಿಯಲ್ಲಿ ಗಂಟಲನ್ನು ಎರಡನೆಯ ಸಲ ಸೀಳುತ್ತದೆ. ಹಿಂಬದಿಯಿಂದ ದಾರ ನೇತಾಡುತ್ತಿದ್ದರೆ ಎಳೆಯಬಾರದು. ಹತ್ತಿರದ ಪಶುವೈದ್ಯರ ನಂಬರನ್ನೂ ರವಿವಾರ ಬಾಗಿಲು ತೆರೆಯುವವರು ಯಾರೆಂಬುದನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರೆ ನನ್ನಂತೆ ನಾಲ್ಕು ಕಡೆ ಫೋನ್ ಮಾಡುತ್ತ ನಿಲ್ಲಬೇಕಾಗುವುದಿಲ್ಲ.

ಕೆಂಚಿಗೆ ಈಗ ಐದೂವರೆ ತಿಂಗಳು ದಾಟಿದೆ. ಮುಂದಿನ ಹಲ್ಲುಗಳೆಲ್ಲ ಹೊಸವು, ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿವೆ. ಮೇಲಿನ ಬಲಗಡೆ ಹೊಸ ಕೋರೆಹಲ್ಲು ಅರ್ಧ ಇಳಿದಿದ್ದರೂ ಹಳೆಯದು ಅದರ ಬೆನ್ನಿಗೆ ಅಂಟಿಕೊಂಡು ಇನ್ನೂ ನಿಂತಿದೆ, ಮುಟ್ಟಿದರೆ ತುಸು ಅಲ್ಲಾಡುತ್ತದೆ. ಎರಡೂ ಒಟ್ಟಿಗೆ ಉಳಿದರೆ ಹೊಸ ಹಲ್ಲು ವಾರೆಯಾಗುತ್ತದೆ, ಹದಿನೈದು ದಿನ ನೋಡಿ ಬೀಳದಿದ್ದರೆ ಕರೆತನ್ನಿ ಎಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ಧೋತರದ ಬಟ್ಟೆಗೆ ಈ ವಾರ ಎರಡು ಗಂಟು ಹಾಕಿ, ಬಲಗಡೆಯಿಂದಲೇ ಹಿಡಿಯುವಂತೆ ಕೊಡುತ್ತಿದ್ದೇನೆ. ಮಗಳು ದಿನಾ ಸಂಜೆ ಟಾರ್ಚ್ ಹಿಡಿದು ತುಟಿ ಎತ್ತಿ ನೋಡುತ್ತಾಳೆ. ಆ ಹಲ್ಲು ಬಿದ್ದರೆ ಎಸೆಯಲು ಸಗಣಿಯುಂಡೆಯನ್ನು ಅತ್ತೆಯವರು ಆಗಲೇ ಮಾಡಿಟ್ಟಿದ್ದಾರೆ.